ಹದಿಹರೆಯದ ಮಗುವಿನ ನಶೆ ಬಿಡಿಸುವ ಕೌನ್ಸೆಲಿಂಗ್: ಮನೆಯವರ ಪಾಲಿನ ಕೆಲಸ, ಹೆಜ್ಜೆ ಹೆಜ್ಜೆಯಾಗಿ

ಮಗ ಗಾಂಜಾ ಸೇದುತ್ತಿದ್ದಾನೆ, ಮಗಳ ಬ್ಯಾಗಿನಲ್ಲಿ ವೇಪ್ (ಇ-ಸಿಗರೇಟು) ಸಿಕ್ಕಿತು ಅಂತ ಗೊತ್ತಾದಾಗ ಹೆಚ್ಚಿನ ಅಪ್ಪ ಅಮ್ಮ ಮಾಡುವುದು ಒಂದೇ. ಒಳ್ಳೆಯ ಕೌನ್ಸೆಲರ್ ಯಾರಿದ್ದಾರೆ ಅಂತ ವಿಚಾರಿಸುತ್ತಾರೆ. ಕರೆದುಕೊಂಡು ಹೋಗುತ್ತಾರೆ. ‘ನೀವೇ ಸ್ವಲ್ಪ ಬುದ್ಧಿ ಹೇಳಿ ಮೇಡಂ, ನಮ್ಮ ಮಾತು ಕೇಳಲ್ಲ’ ಅನ್ನುತ್ತಾರೆ. ಮಗುವನ್ನು ಒಳಗೆ ಕೂರಿಸಿ ತಾವು ಹೊರಗಿನ ಬೆಂಚಿನ ಮೇಲೆ ಕಾಯುತ್ತಾರೆ.

ವಾರಕ್ಕೆ 168 ಗಂಟೆ. ಅದರಲ್ಲಿ ಕೌನ್ಸೆಲರ್ ಜೊತೆ ಕಳೆಯುವುದು ಒಂದೇ ಗಂಟೆ. ಅಲ್ಲಿ ‘ಬಿಟ್ಟುಬಿಡಬೇಕು’ ಅಂತ ಹುಟ್ಟಿದ ಮನಸ್ಸು, ಮನೆಗೆ ಬಂದ ಅರ್ಧ ಗಂಟೆಯಲ್ಲಿ ಒಂದು ಜಗಳಕ್ಕೆ ಕರಗಿಹೋಗುತ್ತದೆ. ಹಾಗಾಗಿ ಕೌನ್ಸೆಲಿಂಗ್ ಇಡೀ ಮನೆಗೆ ಆಗಬೇಕು. ಬದಲಾಗಬೇಕಾದವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಬೇಕು. ಈ ಬರಹದ ಉದ್ದಕ್ಕೂ ನಾನು ಹೇಳಲು ಹೊರಟಿರುವುದು ಇದನ್ನೇ.

ಇದು ಹೊರಗಿನಿಂದ ತಂದ ಯೋಚನೆ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ಕೊಟ್ಟರು. ನಮ್ಮಲ್ಲಿ ಮನೆಯವರು ಆಸ್ಪತ್ರೆಯಲ್ಲಿ ಜೊತೆಗಿರುವುದು ಸಹಜ. ಆದರೆ ನಶೆಯ ವಿಷಯ ಬಂದಾಗ ಮಾತ್ರ ನಾಚಿಕೆಯಿಂದ ಹಿಂದೆ ಸರಿಯುತ್ತೇವೆ.

ಮೊದಲ ಹೆಜ್ಜೆ: ಗೊತ್ತಾದ ಆ ದಿನ

ಮಗು ಅಮಲಿನಲ್ಲಿದ್ದಾಗ ಬುದ್ಧಿಮಾತು ಬೇಡ. ಹೊಡೆತ ಬೇಡವೇ ಬೇಡ. ಆ ಹೊತ್ತಿನಲ್ಲಿ ಜೀವಕ್ಕೆ ಅಪಾಯ ಇದೆಯಾ ಅನ್ನುವುದನ್ನಷ್ಟೇ ನೋಡಿ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನವಾಗಿದೆ, ತುಟಿ ನೀಲಿಯಾಗಿದೆ, ಫಿಟ್ಸ್ ಬಂತು, ಎದೆನೋವು ಅನ್ನುತ್ತಿದ್ದಾರೆ ಅಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ವಾಂತಿ ಗಂಟಲಿಗೆ ಸಿಕ್ಕಿಹಾಕಿಕೊಳ್ಳದಂತೆ ಒಂದು ಮಗ್ಗುಲಿಗೆ ಮಲಗಿಸಿ. ‘ಇಳಿಯಲಿ’ ಅಂತ ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನಿಂಬೆರಸವನ್ನೋ ಮಜ್ಜಿಗೆಯನ್ನೋ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಏನು ತೆಗೆದುಕೊಂಡಿದ್ದಾರೆ ಅಂತ ಗೊತ್ತಿದ್ದರೆ ವೈದ್ಯರಿಗೆ ನೇರವಾಗಿ ಹೇಳಿ. ಮಾತ್ರೆಯ ಸ್ಟ್ರಿಪ್ ಸಿಕ್ಕರೆ ಜೊತೆಗೆ ಒಯ್ಯಿರಿ.

ವೈಟ್ನರ್, ಪಂಕ್ಚರ್ ಸಲ್ಯೂಷನ್, ಪೆಟ್ರೋಲ್ ಮೂಸುವ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೂಸುತ್ತಿರುವಾಗ ಸಿಕ್ಕಿಬಿದ್ದರೆ ಕಿರುಚಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಆವಿಯಿಂದ ಹೃದಯದ ಬಡಿತ ತಾಳ ತಪ್ಪುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಗಾಬರಿ, ಓಟ ಸೇರಿದರೆ ಹೃದಯ ಥಟ್ಟನೆ ನಿಂತುಹೋಗಬಹುದು. ಮೆಲ್ಲಗೆ ಹತ್ತಿರ ಹೋಗಿ, ಗಾಳಿ ಬರುವ ಕಡೆ ಕೂರಿಸಿ. ಇದು ಬೀದಿಮಕ್ಕಳ ಸಮಸ್ಯೆ ಮಾತ್ರ ಅಂತ ಅಂದುಕೊಳ್ಳಬೇಡಿ. ದೆಹಲಿಯ ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ 2019ರ ವರದಿಯಲ್ಲಿ, ಮೂಸುವ ನಶೆಯ ಪ್ರಮಾಣ ದೊಡ್ಡವರಲ್ಲಿ 0.58 ಶೇಕಡಾ ಇದ್ದರೆ 10ರಿಂದ 17 ವರ್ಷದವರಲ್ಲಿ 1.17 ಶೇಕಡಾ ಇತ್ತು. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರುವ ನಶೆ ಇದು. ಕೈಗೆ ಸುಲಭವಾಗಿ ಸಿಗುತ್ತದೆ, ಅಗ್ಗ, ಅಂಗಡಿಯವರು ಪ್ರಶ್ನೆ ಕೇಳುವುದಿಲ್ಲ.

ದಿನವೂ ಕುಡಿಯುತ್ತಿದ್ದರೆ ಅಥವಾ ನಿದ್ದೆ ಮಾತ್ರೆ ನುಂಗುತ್ತಿದ್ದರೆ, ಕೋಣೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ನಿಲ್ಲಿಸುವ ಸಾಹಸ ಮಾಡಬೇಡಿ. ಹಾಗೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ವೈದ್ಯರ ಕಣ್ಣಳತೆಯಲ್ಲೇ ಅದು ಆಗಬೇಕು.

ಮಾತಾಡುವುದು ಮರುದಿನ, ಅಮಲು ಪೂರ್ತಿ ಇಳಿದ ಮೇಲೆ. ಒಬ್ಬರೇ ಮಾತಾಡಿ, ಚಿಕ್ಕದಾಗಿ ಮಾತಾಡಿ. ಕಂಡದ್ದನ್ನು ಹೇಳಿ, ನಿಮಗೆ ಆದದ್ದನ್ನು ಹೇಳಿ, ಮುಂದೇನು ಅಂತ ಹೇಳಿ. ‘ನಿನ್ನ ಜೇಬಲ್ಲಿ ಸುತ್ತೋ ಪೇಪರು, ಗಾಂಜಾ ಸಿಕ್ತು ಮಗಾ. ನಂಗೆ ತುಂಬಾ ಭಯ ಆಗ್ತಿದೆ. ನಿನ್ನ ಬೈಯಕ್ಕೆ ಕೂತಿಲ್ಲ. ಇದನ್ನ ನಾವೆಲ್ಲ ಸೇರಿ ಸರಿಮಾಡ್ಕೊಳ್ಳೋಣ. ಗುರುವಾರ ಡಾಕ್ಟರ್ ಹತ್ರ ಹೋಗ್ತಿದೀವಿ, ನಾನೂ ಅಪ್ಪನೂ ಬರ್ತೀವಿ.’ ಇಷ್ಟು ಸಾಕು. ‘ಯಾರು ಕಲಿಸಿದ್ದು, ಎಷ್ಟು ದಿನದಿಂದ, ದುಡ್ಡು ಎಲ್ಲಿಂದ ಬಂತು’ ಅಂತ ಪೊಲೀಸ್ ವಿಚಾರಣೆಗೆ ಇಳಿದರೆ ಸಿಗುವುದು ಸುಳ್ಳುಗಳೇ. ಆ ಸುಳ್ಳುಗಳನ್ನು ಆಮೇಲೆ ಕಾಪಾಡಿಕೊಳ್ಳಲು ಮಗು ಇನ್ನಷ್ಟು ಸುಳ್ಳು ಹೇಳಬೇಕಾಗುತ್ತದೆ.

ಮೆಡಿಕಲ್ ಸ್ಟೋರಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಗುಟ್ಟಾಗಿ ಪರೀಕ್ಷೆ ಮಾಡುವ ಮನೆಗಳೂ ಇವೆ. ನನಗೆ ಇದು ಸರಿ ಕಾಣುವುದಿಲ್ಲ. ದಿನವೂ ಗಾಂಜಾ ಸೇದುತ್ತಿದ್ದವರು ಬಿಟ್ಟ ಮೇಲೂ ವಾರಗಟ್ಟಲೆ ಮೂತ್ರದಲ್ಲಿ ಅದರ ಗುರುತು ಸಿಗುತ್ತದೆ. ನಿಜವಾಗಿ ಬಿಟ್ಟಿರುವ ಮಗುವನ್ನು ‘ಸುಳ್ಳುಗಾರ’ ಅಂದುಬಿಟ್ಟರೆ ಅಲ್ಲಿಗೆ ನಂಬಿಕೆಯ ಕತೆ ಮುಗಿಯಿತು. ಪರೀಕ್ಷೆ ಬೇಕೇ, ಯಾವಾಗ ಬೇಕು ಅನ್ನುವುದನ್ನು ಚಿಕಿತ್ಸೆ ಕೊಡುವವರು ಮಗುವಿಗೆ ತಿಳಿಸಿಯೇ ನಿರ್ಧರಿಸಲಿ.

ಎರಡನೇ ಹೆಜ್ಜೆ: ಮನೆಯ ದೊಡ್ಡವರು ಒಂದೇ ಮಾತಿಗೆ ಬರುವುದು

ಕೌನ್ಸೆಲರ್ ಹತ್ತಿರ ಹೋಗುವ ಮುಂಚೆಯೇ ಶುರುವಾಗಬೇಕಾದ ಕೆಲಸ ಇದು. ಎಲ್ಲಕ್ಕಿಂತ ಕಷ್ಟದ್ದೂ ಇದೇ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಅಪ್ಪ ಕೂಗಾಡುತ್ತಾರೆ. ಅಮ್ಮ ಅಪ್ಪನಿಗೆ ಗೊತ್ತಾಗದಂತೆ ಮುಚ್ಚಿಡುತ್ತಾರೆ. ಅಜ್ಜಿ ಸೆರಗಿನ ಗಂಟಿನಿಂದ ನೂರು ರೂಪಾಯಿ ತೆಗೆದು ಕೊಡುತ್ತಾರೆ, ‘ಪಾಪ, ಮುಖ ಬಾಡಿದೆ’ ಅಂತ. ಸೋದರಮಾವ ಬಂದು ‘ನಮ್ಮ ಕಾಲದಲ್ಲಿ ಬೆಲ್ಟ್ ತಗೊಳ್ತಿದ್ರು’ ಅನ್ನುತ್ತಾನೆ. ಅಕ್ಕನಿಗೆ ಎಲ್ಲ ಗೊತ್ತು, ಆದರೆ ತಮ್ಮನಿಗೆ ಮಾತು ಕೊಟ್ಟಿದ್ದಾಳೆ. ಎಲ್ಲರಿಗೂ ಪ್ರೀತಿ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಬ್ಬರೂ ಒಂದೊಂದು ದಿಕ್ಕಿಗೆ ಎಳೆಯುವುದರಿಂದ ಮಗುವಿಗೆ ನುಸುಳಿಕೊಳ್ಳಲು ಸಂದು ಸಿಗುತ್ತಲೇ ಇರುತ್ತದೆ.

ಮಗು ಮನೆಯಲ್ಲಿಲ್ಲದ ಒಂದು ಹೊತ್ತಿನಲ್ಲಿ ದೊಡ್ಡವರೆಲ್ಲ ಕೂತು ಮೂರು ವಿಷಯ ತೀರ್ಮಾನ ಮಾಡಿ.

ಮೊದಲನೆಯದು ದುಡ್ಡು. ಕೈಗೆ ನಗದು ಯಾರು ಕೊಡಬೇಕು, ಎಷ್ಟು, ಯಾವುದಕ್ಕೆ? ಕೊಡುವವರು ಒಬ್ಬರೇ ಆಗಿರಲಿ. ಫೋನಿನ ಪೇಮೆಂಟ್ ಆ್ಯಪ್ ಕೂಡ ದುಡ್ಡೇ ಅನ್ನುವುದು ನೆನಪಿರಲಿ. ಅಜ್ಜಿಗೆ ‘ಕೊಡಬೇಡಿ’ ಅಂತ ಆಜ್ಞೆ ಮಾಡಿದರೆ ಅವರು ಕದ್ದು ಕೊಡುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಿ. ದುಡ್ಡಿನ ಬದಲು ಅವರ ಪ್ರೀತಿಗೆ ಬೇರೆ ದಾರಿ ತೋರಿಸಿ: ‘ಅವನಿಗೆ ಸಾಯಂಕಾಲ ಇಷ್ಟದ ತಿಂಡಿ ಮಾಡಿ, ಜೊತೆಗೆ ಕೂತು ತಿನ್ನಿಸಿ.’ ಒಂದು ಅಜ್ಜಿ ದಿನಕ್ಕೆ ಅರ್ಧ ಗಂಟೆ ಮೊಮ್ಮಗನ ಜೊತೆ ಕೂತರೆ ಅದೂ ಚಿಕಿತ್ಸೆಯ ಭಾಗವೇ.

ಎರಡನೆಯದು, ಹೊರಗಿನವರಿಗೆ ಏನು ಹೇಳುವುದು. ಒಂದೇ ವಾಕ್ಯ ಗೊತ್ತುಮಾಡಿಕೊಳ್ಳಿ. ‘ಸ್ವಲ್ಪ ಹುಷಾರಿಲ್ಲ, ಡಾಕ್ಟರಿಗೆ ತೋರಿಸ್ತಿದೀವಿ.’ ಎಲ್ಲರೂ ಅದನ್ನೇ ಹೇಳಿ. ಮಗುವಿಗೂ ಆ ವಾಕ್ಯ ಗೊತ್ತಿರಲಿ. ತನ್ನ ವಿಷಯ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿಲ್ಲ ಅನ್ನುವ ಧೈರ್ಯ ಅವನಿಗೆ ಬೇಕು.

ಮೂರನೆಯದು ಎಲ್ಲಕ್ಕಿಂತ ಬಿಸಿ ವಿಷಯ: ಮನೆಯಲ್ಲಿ ದೊಡ್ಡವರ ಕುಡಿತ. ಅಪ್ಪ ರಾತ್ರಿ ಕುಡಿದು ಬಂದು ಮಗನಿಗೆ ಗಾಂಜಾ ಬಿಡು ಅಂದರೆ ಆ ಮಾತಿಗೆ ತೂಕ ಇರುತ್ತಾ? ಕೌನ್ಸೆಲಿಂಗ್ ನಡೆಯುವಷ್ಟು ಕಾಲವಾದರೂ ಮನೆಯೊಳಗೆ ಬಾಟಲಿ, ಸಿಗರೇಟು, ಗುಟ್ಕಾ ಇರಬಾರದು. ಅಪ್ಪನಿಗೆ ಬಿಡಲು ಆಗುತ್ತಿಲ್ಲ ಅಂದರೆ ಅವರೂ ಅದೇ ಆಸ್ಪತ್ರೆಯಲ್ಲಿ ಹೆಸರು ಬರೆಸಲಿ. ‘ನಂಗೂ ಕಷ್ಟ ಆಗ್ತಿದೆ ಮಗಾ, ನಾನೂ ಟ್ರೀಟ್ಮೆಂಟ್ ತಗೊಳ್ತೀನಿ’ ಅಂತ ಒಬ್ಬ ಅಪ್ಪ ಹೇಳಿದರೆ, ಅಷ್ಟು ಬಲವಾದ ಮಾತನ್ನು ಯಾವ ಕೌನ್ಸೆಲರೂ ಹೇಳಲಾರರು.

ಮನೆಯಲ್ಲಿರುವ ಮಾತ್ರೆಗಳನ್ನೂ ಒಮ್ಮೆ ನೋಡಿ. ತಾತನ ನಿದ್ದೆ ಮಾತ್ರೆ, ಆಪರೇಷನ್ ಆದಾಗ ಕೊಟ್ಟು ಮಿಕ್ಕಿದ ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು. ಬೀಗದೊಳಗೆ ಇಡಿ, ಎಣಿಸಿ ಇಡಿ.

ಮೂರನೇ ಹೆಜ್ಜೆ: ಎಲ್ಲಿಗೆ ಹೋಗುವುದು

ಎಲ್ಲಿಂದ ಶುರುಮಾಡುವುದು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನಶೆಯ ವಿಷಯಕ್ಕೇ ಅಂತ 14446 ಅನ್ನುವ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಅಪ್ಪ ಅಮ್ಮನೇ ಫೋನ್ ಮಾಡಿ ಸಲಹೆ ಕೇಳಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೂ ಬರುತ್ತದೆ. ಯಾವ ದಿನ ಅಂತ ನಿಮ್ಮ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಮೊದಲು ಒಬ್ಬ ಮನೋವೈದ್ಯರು ನೋಡುವುದು ಒಳ್ಳೆಯದು. ನಶೆಯ ಹಿಂದೆ ಖಿನ್ನತೆಯೋ, ಗಮನ ನಿಲ್ಲದ ತೊಂದರೆಯೋ, ಯಾರೋ ಮಾಡಿದ ದೌರ್ಜನ್ಯದ ನೋವೋ ಇದ್ದರೆ ಬರೀ ಮಾತಿನಿಂದ ಸರಿಹೋಗುವುದಿಲ್ಲ.

ಸೇರಿಸಿಕೊಂಡು ಚಿಕಿತ್ಸೆ ಕೊಡಬೇಕು ಅಂದರೆ ಕಾನೂನು ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. 18 ತುಂಬದವರನ್ನು ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ. ಅಪ್ಪ, ಅಮ್ಮ ಅಥವಾ ಅವರು ನೇಮಿಸಿದವರು ಸೇರಿಸಿಕೊಂಡಷ್ಟು ದಿನವೂ ಜೊತೆಗೇ ಇರಬೇಕು. ಹಾಗಾಗಿ ‘ಮೂರು ತಿಂಗಳು ಬಿಟ್ಟುಹೋಗಿ, ಫೋನೂ ಮಾಡಬೇಡಿ, ಭೇಟಿಗೂ ಬರಬೇಡಿ’ ಅನ್ನುವ ಕೇಂದ್ರ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ, ಪತ್ರ ತೋರಿಸಲು ಹೇಳಿ. ಹೊಡೆಯುವ, ಕಟ್ಟಿಹಾಕುವ ಜಾಗಗಳಿಂದ ಮಕ್ಕಳು ವಾಸಿಯಾಗಿ ಬರುವುದಿಲ್ಲ.

ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆಯಿಂದ ಎಷ್ಟೋ ಮನೆಯವರು ಆಸ್ಪತ್ರೆಗೇ ಹೋಗುವುದಿಲ್ಲ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ, ನಶೆ ಮಾಡಿದ್ದಕ್ಕೆ ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡಿದ್ದಕ್ಕೆ ಕೇಸಾದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಮಕ್ಕಳಿಗೆ ನಶೆಯ ಪದಾರ್ಥ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಯಾರೋ ದೊಡ್ಡವರು ಮಗುವನ್ನು ಮಾರಾಟಕ್ಕೆ ಬಳಸುತ್ತಿದ್ದಾರೆ ಅನ್ನುವ ಸುಳಿವು ಸಿಕ್ಕರೆ 1098, ಮಕ್ಕಳ ಸಹಾಯವಾಣಿಗೆ ತಿಳಿಸಿ.

ಇನ್ನೊಂದು ಮಾತು. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಅನ್ನುವ ಚಟ ಬಿಡಿಸುವ ಪುಡಿಗಳ ಜಾಹೀರಾತು ಗೋಡೆಗಳ ಮೇಲೆ, ಫೋನಿನಲ್ಲಿ ಎಲ್ಲೆಲ್ಲೂ ಇವೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಮಗುವಿನ ತಟ್ಟೆಗೆ ಹಾಕಬೇಡಿ. ಆ ಪುಡಿಯಲ್ಲಿ ಕುಡಿತ ಬಿಡಿಸುವ ಡೈಸಲ್ಫಿರಾಂ ಅನ್ನುವ ಔಷಧಿ ಇದ್ದು, ಅದು ಹೊಟ್ಟೆಯಲ್ಲಿದ್ದಾಗ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮೋಸದಿಂದ ಕೊಟ್ಟ ಔಷಧಿ ಗೊತ್ತಾದ ದಿನ, ಮನೆಯ ಊಟದ ಮೇಲಿನ ನಂಬಿಕೆಯೂ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಮೊದಲ ಭೇಟಿಗಳು

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಏನನ್ನು ಬಳಸುತ್ತಿದ್ದಾರೆ, ನಿಮಗೆ ಗೊತ್ತಾಗಿ ಎಷ್ಟು ದಿನ, ನಿದ್ದೆ ಊಟ ಹೇಗಿದೆ, ಓದು ಯಾವಾಗಿನಿಂದ ಕುಸಿಯಿತು, ಆ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು, ವಂಶದಲ್ಲಿ ಯಾರಿಗಾದರೂ ಕುಡಿತ ಅಥವಾ ಮಾನಸಿಕ ಕಾಯಿಲೆ ಇತ್ತೇ. ಮಗುವಿನ ಒಳ್ಳೆಯ ಗುಣಗಳನ್ನೂ ಬರೆಯಿರಿ. ಇದನ್ನು ಮರೆಯುವವರೇ ಹೆಚ್ಚು. ಮಗುವಿನ ಎದುರಿಗೇ ಅರ್ಧ ಗಂಟೆ ದೂರುಗಳನ್ನು ಸುರಿಯುವ ಅಪ್ಪ ಅಮ್ಮ, ಕೊನೆಗೆ ‘ಅವನು ಒಳ್ಳೆ ಹುಡುಗನೇ’ ಅಂದರೆ ಅದು ಅವನ ಕಿವಿಗೆ ಬೀಳುವುದಿಲ್ಲ.

ಒಳ್ಳೆಯ ಕೌನ್ಸೆಲರ್ ಸಾಮಾನ್ಯವಾಗಿ ಮೂರು ರೀತಿಯಲ್ಲಿ ಮಾತಾಡುತ್ತಾರೆ: ಮಗುವಿನ ಜೊತೆ ಮಾತ್ರ, ಅಪ್ಪ ಅಮ್ಮನ ಜೊತೆ ಮಾತ್ರ, ಎಲ್ಲರನ್ನೂ ಕೂರಿಸಿಕೊಂಡು. ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಲಿಡ್ಲ್ ಹದಿಹರೆಯದವರ ನಶೆಗೆ ಅಂತಲೇ ರೂಪಿಸಿದ ಪದ್ಧತಿಯಲ್ಲಿ ನಾಲ್ಕು ಕಡೆ ಒಟ್ಟಿಗೆ ಕೆಲಸ ನಡೆಯುತ್ತದೆ. ಮಗು, ಅಪ್ಪ ಅಮ್ಮ, ಅವರ ನಡುವಿನ ಒಡನಾಟ, ಮತ್ತು ಶಾಲೆ, ಗೆಳೆಯರಂಥ ಹೊರಗಿನ ಪರಿಸರ. ಅದಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ನಮ್ಮಲ್ಲಿ ಎರಡು ಸಲ ಹೋಗಿ ‘ಏನೂ ಉಪಯೋಗ ಆಗಲಿಲ್ಲ’ ಅಂತ ನಿಲ್ಲಿಸುತ್ತಾರೆ. ಕನಿಷ್ಠ ಮೂರು ತಿಂಗಳು ವಾರಕ್ಕೊಮ್ಮೆ ಅಂತ ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿ. ಅಪ್ಪನೂ ರಜೆ ಹಾಕಲಿ. ಅಮ್ಮನೊಬ್ಬಳ ಕೆಲಸ ಇದಲ್ಲ.

ಮೊದಲ ಭೇಟಿಯಲ್ಲೇ ಗುಟ್ಟಿನ ಬಗ್ಗೆ ಮಾತಾಗಲಿ. ಮಗು ಹೇಳಿದ್ದರಲ್ಲಿ ಯಾವುದು ನಿಮಗೆ ತಿಳಿಯುತ್ತದೆ, ಯಾವುದು ಇಲ್ಲ? ಜೀವಕ್ಕೆ ಅಪಾಯ, ಸಾಯುವ ಮಾತು, ಯಾರಾದರೂ ಮಗುವಿಗೆ ಕೆಡುಕು ಮಾಡುತ್ತಿರುವುದು, ಇವನ್ನು ನಿಮಗೆ ತಿಳಿಸಲೇಬೇಕು. ಯಾವ ಗೆಳೆಯನ ಜೊತೆ ಸೇದಿದ, ಯಾರ ಮೇಲೆ ಪ್ರೀತಿ, ನಿಮ್ಮ ಮೇಲೆ ಎಷ್ಟು ಸಿಟ್ಟು, ಇವೆಲ್ಲ ಒಳಗೇ ಇರಲಿ. ಈ ಗೆರೆಯನ್ನು ಮೂವರ ಎದುರಿಗೂ ಹೇಳಿಸಿಕೊಳ್ಳಿ.

ಹೊರಗೆ ಬಂದ ಮೇಲೆ, ಬಸ್ಸಿನಲ್ಲೋ ಬೈಕಿನಲ್ಲೋ ‘ಏನ್ ಕೇಳಿದ್ರು, ಏನ್ ಹೇಳ್ದೆ’ ಅಂತ ಶುರುಮಾಡಬೇಡಿ. ‘ಹಸಿವಾಯ್ತಾ, ದೋಸೆ ತಿನ್ನೋಣ್ವಾ’ ಅನ್ನಿ. ಅಷ್ಟೇ.

ಎಲ್ಲರೂ ಕೂತ ದಿನ ಮಗು ನಿಮ್ಮ ಬಗ್ಗೆ ಕೆಟ್ಟದಾಗಿ ಹೇಳಬಹುದು. ‘ಅಪ್ಪ ಎಲ್ಲರ ಮುಂದೆ ನನ್ನ ಮಾರ್ಕ್ಸ್ ಹೇಳಿ ನಗ್ತಾರೆ’ ಅನ್ನಬಹುದು. ಆ ಕ್ಷಣ ನಿಮ್ಮ ಸಮರ್ಥನೆ ಬೇಡ. ‘ನಿಂಗೆ ಅಷ್ಟು ನೋವಾಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ’ ಅಂದರೆ ಸಾಕು. ನಮ್ಮ ಅಪ್ಪಂದಿರಿಗೆ ಇದು ತುಂಬಾ ಕಷ್ಟ. ಆದರೂ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಜವಾಗಿ ಶುರುವಾಗುವುದು ಆ ಮಾತಿನಿಂದಲೇ ಅಂತ ನಾನು ನಂಬುತ್ತೇನೆ.

ಐದನೇ ಹೆಜ್ಜೆ: ಮಗು ಬರಲ್ಲ ಅಂದರೆ

ನೀವು ಹೋಗಿ. ಮಗು ಬರದಿದ್ದರೂ ಮನೆಯವರ ಕೌನ್ಸೆಲಿಂಗ್ ನಡೆಯಬಹುದು, ನಡೆಯಬೇಕು.

ಅಮೆರಿಕದ ರಾಬರ್ಟ್ ಮೇಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ಚಿಕಿತ್ಸೆಗೆ ಒಪ್ಪದ ವ್ಯಸನಿಗಳ ಮನೆಯವರಿಗಾಗಿಯೇ ಕ್ರಾಫ್ಟ್ ಅನ್ನುವ ತರಬೇತಿ ರೂಪಿಸಿದರು. ಕುಡಿತದ ತೊಂದರೆ ಇದ್ದವರ 130 ಮನೆಯವರನ್ನು ಇಟ್ಟುಕೊಂಡು ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಈ ತರಬೇತಿ ಪಡೆದ ಮನೆಗಳಲ್ಲಿ 64 ಶೇಕಡಾ ಮಂದಿ ವ್ಯಸನಿಯನ್ನು ಚಿಕಿತ್ಸೆಗೆ ಒಪ್ಪಿಸಿದರು. ಎಲ್ಲರೂ ಸೇರಿ ಸುತ್ತ ಕೂತು ತಪ್ಪು ಎತ್ತಿ ಹೇಳುವ ವಿಧಾನ ಕಲಿತವರಲ್ಲಿ ಅದು 30 ಶೇಕಡಾ ಮಾತ್ರ. ಅದು ದೊಡ್ಡವರ ಕುಡಿತದ ಮೇಲೆ ನಡೆದ ಅಧ್ಯಯನವಾದರೂ, ಹದಿಹರೆಯದವರ ಅಪ್ಪ ಅಮ್ಮನಿಗೂ ಇದೇ ದಾರಿಯನ್ನು ಹೊಂದಿಸಿ ಬಳಸುತ್ತಾರೆ.

ಅದರ ಸಾರ ಸರಳ. ಮಗು ನಶೆ ಇಲ್ಲದೆ ಇರುವ ಹೊತ್ತನ್ನು ಹಿತವಾಗಿಸಿ. ಆಗ ಜೊತೆಗೆ ಕೂರಿ, ಮಾತಾಡಿ, ಇಷ್ಟದ್ದು ಮಾಡಿ. ಅಮಲಿನಲ್ಲಿ ಬಂದಾಗ ಜಗಳವಾಡದೆ ದೂರ ಸರಿಯಿರಿ. ನಶೆಯಿಂದ ಆದ ನಷ್ಟವನ್ನು ನೀವು ತುಂಬಿಕೊಡಬೇಡಿ. ಕಾಲೇಜಿಗೆ ‘ಜ್ವರ’ ಅಂತ ಸುಳ್ಳು ಚೀಟಿ ಬೇಡ. ಗೆಳೆಯನ ಸಾಲ ಗುಟ್ಟಾಗಿ ತೀರಿಸುವುದು ಬೇಡ. ಮಗುವೇ ಬೇಸತ್ತು ‘ಸಾಕಾಗಿದೆ ಅಮ್ಮ’ ಅಂದ ದಿನ ಕರೆದುಕೊಂಡು ಹೋಗಲು ಜಾಗ, ಫೋನ್ ನಂಬರ್, ದಿನ ಎಲ್ಲ ಸಿದ್ಧವಾಗಿರಲಿ. ಆ ಮನಸ್ಸು ಎರಡು ದಿನ ಇರುತ್ತದೋ ಇಲ್ಲವೋ ಹೇಳಲಾಗದು.

ಆರನೇ ಹೆಜ್ಜೆ: ಮನೆಯಲ್ಲಿ ದಿನದಿನದ ಕೆಲಸ

ನಶೆ ಬಿಟ್ಟ ಮೊದಲ ಎರಡು ವಾರಕ್ಕೆ ತಯಾರಾಗಿ. ಗಾಂಜಾ ಬಿಟ್ಟವರಿಗೆ ಒಂದೆರಡು ದಿನದಲ್ಲೇ ಸಿಡುಕು, ಚಡಪಡಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ವಿಚಿತ್ರ ಕನಸು ಶುರುವಾಗುತ್ತದೆ. ಮೊದಲ ವಾರ ಜೋರು. ಸುಮಾರು ಎರಡು ವಾರದಲ್ಲಿ ಬಹುತೇಕ ಇಳಿಯುತ್ತದೆ, ನಿದ್ದೆ ಮಾತ್ರ ಇನ್ನೂ ತಡವಾಗಬಹುದು. ಮನೆಯವರು ಇದನ್ನು ‘ಸೊಕ್ಕು’ ಅಂತ ತಿಳಿದು ಬೈಯುತ್ತಾರೆ. ಅದು ಸೊಕ್ಕಲ್ಲ, ದೇಹ ತನ್ನ ಹಳೆಯ ಲಯಕ್ಕೆ ಮರಳಲು ಪಡುತ್ತಿರುವ ಪಾಡು. ಆ ದಿನಗಳಲ್ಲಿ ಓದಿನ ಮಾತು, ಮಾರ್ಕ್ಸಿನ ಮಾತು ಪಕ್ಕಕ್ಕಿಡಿ.

ಆಮೇಲೆ ಕೌನ್ಸೆಲರ್ ಎದುರಿಗೆ ಒಂದು ಒಪ್ಪಂದ ಬರೆಯಿರಿ. ಒಂದು ಪುಟ ಮೀರದಿರಲಿ. ಪಿಯುಸಿ ಓದುವ ಹುಡುಗನ ಮನೆಯದು ಹೀಗಿರಬಹುದು: ರಾತ್ರಿ ಎಂಟರೊಳಗೆ ಮನೆ ಸೇರುವುದು. ತಡವಾದರೆ ಫೋನ್ ಮಾಡುವುದು. ವಾರದ ಖರ್ಚಿನ ದುಡ್ಡು ಅಮ್ಮನ ಕೈಯಿಂದ ಮಾತ್ರ. ಕೌನ್ಸೆಲಿಂಗ್ ತಪ್ಪಿಸುವಂತಿಲ್ಲ. ಮನೆಯವರ ಕಡೆಯಿಂದ: ಕೋಣೆಗೆ ಬಾಗಿಲು ತಟ್ಟಿಯೇ ಬರುವುದು. ಹಳೆಯ ವಿಷಯ ಎತ್ತಿ ಹಂಗಿಸದಿರುವುದು. ನೆಂಟರ ಮುಂದೆ ಮಾತಾಡದಿರುವುದು. ಅಪ್ಪ ಮನೆಯಲ್ಲಿ ಕುಡಿಯದಿರುವುದು. ಎರಡೂ ಕಡೆಯವರು ಸಹಿ ಹಾಕಬೇಕು. ಮಗುವಿಗೆ ಮಾತ್ರ ನಿಯಮ ಇರುವ ಕಾಗದ ಎರಡು ವಾರ ಬಾಳುವುದಿಲ್ಲ.

ನಿಯಮ ಮುರಿದರೆ ಏನು ಅಂತಲೂ ಮೊದಲೇ ಬರೆದಿರಲಿ. ಚಿಕ್ಕದಿರಲಿ, ಆ ಕೂಡಲೇ ಆಗುವಂಥದ್ದಿರಲಿ. ‘ಒಂದು ವರ್ಷ ಬೈಕ್ ಮುಟ್ಟುವಂತಿಲ್ಲ’ ಅಂತ ಸಿಟ್ಟಿನಲ್ಲಿ ಹೇಳಿ ಮೂರನೇ ದಿನ ಕೀ ಕೊಡುವುದಕ್ಕಿಂತ, ‘ಈ ಶನಿವಾರ ಬೈಕ್ ಇಲ್ಲ’ ಅಂತ ಹೇಳಿ ಪಾಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಹಾಗೆಯೇ ಒಪ್ಪಂದ ಪಾಲಿಸಿದ ವಾರಕ್ಕೆ ಏನಾದರೂ ಸಿಹಿ ಇರಲಿ. ಕ್ರಿಕೆಟ್ ಕೋಚಿಂಗ್ ಶುಲ್ಕವೋ, ಗೆಳೆಯರನ್ನು ಮನೆಗೆ ಕರೆದು ಬಿರಿಯಾನಿಯೋ. ‘ಸರಿಯಾಗಿರೋದಕ್ಕೆ ಬಹುಮಾನ ಯಾಕೆ’ ಅಂತ ಅಪ್ಪಂದಿರು ಕೇಳುತ್ತಾರೆ. ನಶೆ ಆ ಕ್ಷಣವೇ ಸುಖ ಕೊಡುತ್ತಿತ್ತು. ಅದನ್ನು ಬಿಟ್ಟ ಮಗುವಿಗೆ ಅದರ ಜಾಗದಲ್ಲಿ ಬೇರೇನಾದರೂ ಸಿಗಬೇಕಲ್ಲವಾ? ‘ಮುಂದೆ ಒಳ್ಳೆ ಕೆಲಸ ಸಿಗುತ್ತೆ’ ಅನ್ನುವ ಭರವಸೆ ಹದಿನಾರರ ಮನಸ್ಸಿಗೆ ತುಂಬಾ ದೂರದ್ದು.

ದಿನಕ್ಕೆ ಇಪ್ಪತ್ತು ನಿಮಿಷ ನಶೆಯ ಮಾತೇ ಇಲ್ಲದ ಒಡನಾಟ ಇರಲಿ. ಒಟ್ಟಿಗೆ ಊಟ, ಒಂದು ವಾಕಿಂಗ್, ಗಾಡಿ ತೊಳೆಯುವುದು, ಏನಾದರೂ ಸರಿ. ಮನೆಯಲ್ಲಿ ಮಗು ಬಂದಾಗಲೆಲ್ಲ ಕಣ್ಣು ಕೆಂಪಾಗಿದೆಯಾ, ಬಾಯಿ ವಾಸನೆ ಬರುತ್ತಿದೆಯಾ ಅಂತಲೇ ನೋಡುತ್ತಿದ್ದರೆ ಅವನಿಗೂ ಮನೆ ಬೇಡವಾಗುತ್ತದೆ.

ತಂಗಿ ತಮ್ಮಂದಿರನ್ನು ಮರೆಯಬೇಡಿ. ಮನೆಯ ಗಮನವೆಲ್ಲ ಒಬ್ಬನ ಮೇಲಿದ್ದಾಗ, ‘ಒಳ್ಳೆ ಮಗು’ ಸುಮ್ನೆ ಮೂಲೆಯಲ್ಲಿ ಒಣಗುತ್ತಿರುತ್ತದೆ. ಅವರನ್ನು ಒಮ್ಮೆ ಕೌನ್ಸೆಲಿಂಗ್‌ಗೆ ಕರೆದೊಯ್ಯಿರಿ. ಅಣ್ಣನ ಮೇಲೆ ಗೂಢಚಾರಿಕೆ ಮಾಡುವ ಕೆಲಸವನ್ನಂತೂ ಅವರಿಗೆ ಕೊಡಬೇಡಿ.

ದೇವರ ಮುಂದೆ ಆಣೆ ಮಾಡಿಸುವ ವಿಷಯ. ಮಂಜುನಾಥನ ಮೇಲೆ ಆಣೆ ಇಟ್ಟು ಕುಡಿತ ಬಿಟ್ಟ ದೊಡ್ಡವರು ನಮ್ಮಲ್ಲಿ ಇದ್ದಾರೆ, ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಹದಿಹರೆಯದ ಮಗುವಿನಿಂದ ಒತ್ತಾಯದ ಆಣೆ ಬೇಡ. ಒಮ್ಮೆ ಜಾರಿದರೆ ತಪ್ಪಿನ ಜೊತೆ ಪಾಪದ ಭಯವೂ ಸೇರುತ್ತದೆ. ಆಮೇಲೆ ಅವನು ನಿಮಗೆ ಹೇಳುವುದೇ ಇಲ್ಲ. ನಮಗೆ ಬೇಕಾಗಿರುವುದು ಜಾರಿದ ದಿನವೇ ಬಂದು ಹೇಳುವ ಮಗು.

ಶಾಲೆ, ಕಾಲೇಜಿನಲ್ಲಿ ಒಬ್ಬರಿಗೆ ಮಾತ್ರ ತಿಳಿಸಿ, ಮಗುವಿನ ಒಪ್ಪಿಗೆ ಪಡೆದು. ಅವನು ನಂಬುವ ಮೇಷ್ಟ್ರು ಯಾರು ಅಂತ ಅವನನ್ನೇ ಕೇಳಿ.

ಏಳನೇ ಹೆಜ್ಜೆ: ಮತ್ತೆ ಜಾರಿದರೆ

ಜಾರುವುದು ಸಾಮಾನ್ಯ. ಎಷ್ಟೋ ಮನೆಗಳಲ್ಲಿ ಅದು ಆಗುತ್ತದೆ ಅಂತ ಮೊದಲೇ ತಿಳಿದಿರಿ, ಮೊದಲೇ ಯೋಜನೆ ಮಾಡಿ. ಯಾರಿಗೆ ಮೊದಲು ಹೇಳುವುದು, ಆ ರಾತ್ರಿ ಯಾರು ಜೊತೆಗಿರುವುದು, ಎಷ್ಟು ದಿನದೊಳಗೆ ಕೌನ್ಸೆಲರ್ ಭೇಟಿ. ಇವು ಒಪ್ಪಂದದ ಹಾಳೆಯ ಹಿಂಬದಿಯಲ್ಲಿ ಬರೆದಿರಲಿ. ‘ಮಧ್ಯರಾತ್ರಿ ಆದ್ರೂ ಫೋನ್ ಮಾಡು, ಬಂದು ಕರ್ಕೊಂಡ್ ಬರ್ತೀನಿ, ಆವತ್ತು ಒಂದು ಮಾತೂ ಕೇಳಲ್ಲ’ ಅಂತ ಹೇಳಿ, ಹಾಗೇ ನಡೆದುಕೊಳ್ಳಿ.

ಹೆರಾಯಿನ್ ಅಥವಾ ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಚಟ ಇದ್ದವರ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಕೆಲವು ವಾರ ಬಿಟ್ಟಿದ್ದರೆ ದೇಹದ ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ. ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಡಿಸ್ಚಾರ್ಜ್ ಆಗಿ ಬಂದ ಮೊದಲ ವಾರಗಳಲ್ಲಿ ಒಂಟಿಯಾಗಿ ಬಿಡಬೇಡಿ. ಈ ಅಪಾಯವನ್ನು ಮಗುವಿಗೂ ನೇರವಾಗಿ ಹೇಳಿ.

ಜಾರಿದ ನಂತರದ ಭೇಟಿಯಲ್ಲಿ ‘ಯಾಕೆ ಹೀಗ್ಮಾಡ್ದೆ’ ಅನ್ನುವುದರ ಬದಲು ‘ಆವತ್ತು ಬೆಳಗ್ಗೆಯಿಂದ ಏನೇನಾಯ್ತು’ ಅಂತ ಕೇಳಿ. ಫಲಿತಾಂಶದ ದಿನವಾ? ಹಳೆ ಗೆಳೆಯನ ಹುಟ್ಟುಹಬ್ಬವಾ? ಅಪ್ಪ ಅಮ್ಮನ ಜಗಳವಾ? ಅದು ಗೊತ್ತಾದರೆ ಮುಂದಿನ ಸಲ ಆ ದಿನಕ್ಕೆ ತಯಾರಿ ಮಾಡಿಕೊಳ್ಳಬಹುದು.

ನಿಮ್ಮ ಬಗ್ಗೆಯೂ ಒಂದು ಮಾತು

ಅಮ್ಮಂದಿರಿಗೆ ನಿದ್ದೆ ಹೋಗಿರುತ್ತದೆ, ಅಪ್ಪಂದಿರಿಗೆ ಬಿ.ಪಿ. ಏರಿರುತ್ತದೆ. ‘ನಾವೆಲ್ಲಿ ತಪ್ಪಿದೆವು’ ಅನ್ನುವ ಪ್ರಶ್ನೆ ರಾತ್ರಿಯೆಲ್ಲ ಕೊರೆಯುತ್ತದೆ. ಅಪ್ಪ ಅಮ್ಮನಿಗೇ ಮೀಸಲಾದ ಭೇಟಿ ಕೇಳಿ ಪಡೆಯಿರಿ. ಕುಡಿತದವರ ಮನೆಯವರಿಗಾಗಿ ಅಲ್-ಅನಾನ್ ಕೂಟಗಳು ಬೆಂಗಳೂರಿನಲ್ಲಿ ನಡೆಯುತ್ತವೆ. ಅದೇ ಕಷ್ಟ ಕಂಡ ಇನ್ನೊಬ್ಬ ಅಮ್ಮನ ಜೊತೆ ಮಾತಾಡಿದರೆ ಸಿಗುವ ಧೈರ್ಯವೇ ಬೇರೆ. 14416 ನಿಮಗೂ ಇರುವ ನಂಬರ್.

ಹದಿನೆಂಟು ತುಂಬುವ ಮುಂಚೆ

ಇಷ್ಟು ದಿನ ಕಾನೂನಿನ ಪ್ರಕಾರ ಮಗುವಿನ ಪರವಾಗಿ ಒಪ್ಪಿಗೆ ಕೊಡುತ್ತಿದ್ದವರು ನೀವು. 18 ತುಂಬಿದ ದಿನದಿಂದ ಚಿಕಿತ್ಸೆಗೆ ಒಪ್ಪುವುದು, ಬಿಡುವುದು ಅವರ ಹಕ್ಕು. ತನ್ನ ಪರವಾಗಿ ಮಾತಾಡಲು ಯಾರು ಬೇಕು ಅನ್ನುವುದನ್ನೂ 2017ರ ಕಾಯ್ದೆಯಂತೆ ಅವರೇ ಬರೆದುಕೊಡಬಹುದು. ಹುಟ್ಟುಹಬ್ಬಕ್ಕೆ ಎರಡು ಮೂರು ತಿಂಗಳು ಇರುವಾಗಲೇ ಕೌನ್ಸೆಲರ್ ಎದುರಿಗೆ ಈ ಮಾತು ತೆಗೆಯಿರಿ. ‘ಮುಂದೆ ಇದನ್ನ ನೀನೇ ನಡೆಸ್ಕೋಬೇಕು. ನಾವು ಎಷ್ಟು ದೂರ ಜೊತೆಗಿರಬೇಕು ಅಂತ ನೀನೇ ಹೇಳು’ ಅಂತ ಕೇಳಿ. ಅಮ್ಮ ಬೇಕು ಅನ್ನಬಹುದು, ಅಕ್ಕ ಸಾಕು ಅನ್ನಬಹುದು. ಯಾರ ಹೆಸರು ಹೇಳಿದರೂ ಬೇಸರ ಮಾಡಿಕೊಳ್ಳದೆ ಕಾಗದದ ಮೇಲೆ ಬರೆಸಿ, ಅವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಆಸ್ಪತ್ರೆಯ ಫೈಲಿಗೆ ಸೇರಿಸಿ.